ಗೊರೂರಿನ ನಗೆ, ಶೋಳವಂದಾನಿನ ಕೋಪ: ಒಂದು ಆತ್ಮಕಥನದ ಚಲನಚಿತ್ರ ರೂಪಾಂತರ

ಸಾಹಿತ್ಯ ಕೃತಿಯೊಂದು ಚಲನಚಿತ್ರವಾಗಿ ರೂಪಾಂತರಗೊಳ್ಳುವ ಪ್ರಕ್ರಿಯೆಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆ ಬಹುಮಟ್ಟಿಗೆ ಕಾದಂಬರಿಗಳಿಗೆ ಸೀಮಿತವಾದದ್ದು. ‘ಸಂಸ್ಕಾರ’, ‘ವಂಶವೃಕ್ಷ’, ‘ಚೋಮನ ದುಡಿ’ಗಳ ಸುತ್ತ ಬೆಳೆದ ವಿಮರ್ಶೆಯ ಪರಿಭಾಷೆ ನಮ್ಮಲ್ಲಿದೆ, ಆತ್ಮಕಥನವೊಂದು ತೆರೆಗೆ ಬಂದಾಗ ಏನಾಗುತ್ತದೆ ಎಂಬುದನ್ನು ವಿವರಿಸಲು ಆ ಪರಿಭಾಷೆ ಸಾಲದು. ಅದರಲ್ಲಿಯೂ ಆತ್ಮಕಥನದ ಧಾಟಿ ನಗೆಯದಾಗಿದ್ದರೆ ಸಮಸ್ಯೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಹಾಸನ ಜಿಲ್ಲೆಯ ನೆಲದಿಂದ ಹುಟ್ಟಿ, ಇಂಗ್ಲಿಷಿನಲ್ಲಿ ಗ್ರಂಥವಾಗಿ, ತಮಿಳಿನಲ್ಲಿ ಚಲನಚಿತ್ರವಾಗಿ, ಡಬ್ಬಿಂಗ್ ಮೂಲಕ ಮರಳಿ ಕನ್ನಡಕ್ಕೆ ಬಂದ ಒಂದು ಜೀವನವೃತ್ತಾಂತ ಈ ಸಮಸ್ಯೆಯನ್ನು ಪರಿಶೀಲಿಸಲು ತಕ್ಕ ನಿದರ್ಶನವಾಗಿದೆ. ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರ ‘ಸಿಂಪ್ಲಿ ಫ್ಲೈ’ (2010) ಆ ಗ್ರಂಥ. ಸುಧಾ ಕೊಂಗರ ನಿರ್ದೇಶನದ ‘ಸೂರರೈ ಪೋಟ್ರು’ (2020) ಆ ಚಲನಚಿತ್ರ.

ಹಾಸನದಿಂದ ಹಗರೆ, ಹಳೇಬೀಡುಗಳ ಮೂಲಕ ಜಾವಗಲ್‌ಗೆ ಹೋಗುವ ಹಾದಿಯಲ್ಲಿ ಪ್ರಕೃತಿ ಕಣ್ಣೆದುರೇ ಬದಲಾಗುತ್ತದೆ. ಬೇಲೂರು ಸೀಮೆಯ ಮಲೆನಾಡಿನ ಅಂಚು ಹಿಂದೆ ಸರಿದು, ಅರಸೀಕೆರೆ ತಾಲ್ಲೂಕಿನ ಬಯಲುಸೀಮೆ, ಅದರ ತೆಂಗಿನ ತೋಟಗಳು ಮತ್ತು ಮಳೆಗಾಗಿ ಕಾಯುವ ಹೊಲಗಳು ಎದುರಾಗುತ್ತವೆ. ಹೇಮಾವತಿ ದಡದ ಗೊರೂರಿನಲ್ಲಿ ಶಾಲಾ ಉಪಾಧ್ಯಾಯರ ಮಗನಾಗಿ ಬೆಳೆದ ಗೋಪಿನಾಥ್ ಈ ಬಯಲಿಗೆ ಬಂದದ್ದು ಸ್ವಂತ ಆಯ್ಕೆಯಿಂದಷ್ಟೇ ಅಲ್ಲ. ಗೊರೂರಿನಲ್ಲಿ ನಿರ್ಮಾಣಗೊಂಡು 1979ರಲ್ಲಿ ಪೂರ್ಣವಾದ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಕುಟುಂಬದ ಜಮೀನು ಮುಳುಗಿತು; ಅದಕ್ಕೆ ಬದಲಾಗಿ ಸರ್ಕಾರ ಕೊಟ್ಟ ಜಮೀನು ಜಾವಗಲ್ ಬಳಿಯ ಬರಡು ನೆಲದಲ್ಲಿತ್ತು. 1971ರ ಯುದ್ಧವನ್ನು ಕಂಡು, ಎಂಟು ವರ್ಷಗಳ ಸೇವೆಯ ನಂತರ ಇಪ್ಪತ್ತೆಂಟರ ವಯಸ್ಸಿನಲ್ಲಿ ಸೈನ್ಯವನ್ನು ಬಿಟ್ಟುಬಂದ ತರುಣ, ರಸ್ತೆಯೂ ವಿದ್ಯುತ್ತೂ ಇಲ್ಲದ ಆ ನೆಲದಲ್ಲಿ ಡೇರೆ ಹಾಕಿ ವ್ಯವಸಾಯಕ್ಕೆ ತೊಡಗಿದರು. ಕೃತಿಯ ಮೊದಲ ಭಾಗದ ಜೀವ ಇರುವುದು ಇಲ್ಲಿಯೇ. ತೆಂಗಿನ ಸಸಿಗಳಿಗೆ ನೀರು ಹೊರುವ ಪಾಡು, ಹೈನುಗಾರಿಕೆ, ಕೋಳಿ ಸಾಕಣೆ, ಏರುತ್ತಿದ್ದ ಸಾಲ, ಫುಕುವೋಕನ ಸಹಜ ಕೃಷಿಯ ವಿಚಾರಗಳ ಓದು, ಕೊನೆಗೆ ಪರಿಸರಕ್ಕೆ ಒಗ್ಗುವ ರೇಷ್ಮೆ ಕೃಷಿ: ಈ ಸರಣಿಯಲ್ಲಿ ಸೋಲುಗಳೇ ಹೆಚ್ಚು. ಆ ರೇಷ್ಮೆ ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಸಂದಿತು. ನಡುವೆ ಹಾಸನದಲ್ಲಿ ಎನ್‌ಫೀಲ್ಡ್ ಮೋಟಾರ್ ಸೈಕಲ್ಲುಗಳ ಡೀಲರ್‌ಶಿಪ್, ಹೋಟೆಲು ಮೊದಲಾದ ಉದ್ಯಮಗಳೂ ನಡೆದವು. 1994ರಲ್ಲಿ ಗಂಡಸಿ ಕ್ಷೇತ್ರದಿಂದ ವಿಧಾನಸಭೆಗೆ ಸ್ಪರ್ಧಿಸಿ ಸೋತದ್ದೂ ಆಯಿತು. ವಿಮಾನದ ಕಥೆ ಆರಂಭವಾಗುವುದು ಇವೆಲ್ಲವೂ ಮುಗಿದ ಮೇಲೆ. ಸೈನ್ಯದ ಗೆಳೆಯರೊಡನೆ 1997ರಲ್ಲಿ ಹೆಲಿಕಾಪ್ಟರ್ ಸಂಸ್ಥೆ, 2003ರಲ್ಲಿ ಅಗ್ಗದ ದರದ ‘ಏರ್ ಡೆಕ್ಕನ್’.

ಈ ಕಥನದ ಧಾಟಿಯನ್ನು ಗುರುತಿಸದೆ ಚಲನಚಿತ್ರದ ಚರ್ಚೆಗೆ ಹೊರಡುವುದು ಸರಿಯಲ್ಲ. ಗೋಪಿನಾಥ್ ತಮ್ಮ ಸೋಲುಗಳನ್ನು ಹೇಳುವುದು ಅಳಲಿನ ಧ್ವನಿಯಲ್ಲಿ ಅಲ್ಲ. ತನ್ನದೇ ಅತಿ ಉತ್ಸಾಹವನ್ನು, ಅನುಭವವಿಲ್ಲದ ಹುಂಬತನವನ್ನು ದೂರದಿಂದ ನೋಡಿ ಮುಗುಳ್ನಗುವವನ ಧ್ವನಿಯಲ್ಲಿ. ಭರತನು ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ಎರಡಾಗಿ ವಿಂಗಡಿಸುತ್ತಾನೆ. ತಾನೇ ನಗುವುದು ಆತ್ಮಸ್ಥ, ಇತರರನ್ನು ನಗಿಸುವುದು ಪರಸ್ಥ. ಆತ್ಮಕಥನದಲ್ಲಿ ಈ ಎರಡೂ ಒಂದೇ ವಾಕ್ಯದಲ್ಲಿ ಕೂಡಬಲ್ಲವು. ಏಕೆಂದರೆ ಅಲ್ಲಿ ಇಬ್ಬರು ‘ನಾನು’ಗಳಿದ್ದಾರೆ. ಅಂದು ಜಾವಗಲ್ಲಿನ ಬಯಲಿನಲ್ಲಿ ಎಡವಿದ ‘ನಾನು’ ಒಬ್ಬ; ಮೂವತ್ತು ವರ್ಷಗಳ ಆಚೆ ಕುಳಿತು ಅದನ್ನು ಬರೆಯುತ್ತಿರುವ ‘ನಾನು’ ಇನ್ನೊಬ್ಬ. ಎಡವಿದವನಿಗೆ ನಗು ಬರುವುದಿಲ್ಲ, ಬರೆಯುವವನಿಗೆ ಬರುತ್ತದೆ. ಹಾಸ್ಯ ಹುಟ್ಟುವುದು ಇವರಿಬ್ಬರ ನಡುವಿನ ಕಾಲದ ಅಂತರದಲ್ಲಿ.

ಕ್ಯಾಮೆರಾಕ್ಕೆ ಈ ಅಂತರ ಸಹಜವಾಗಿ ಒದಗುವುದಿಲ್ಲ. ಅದು ತೋರಿಸುವುದು ಎಡವುತ್ತಿರುವವನನ್ನು ಮಾತ್ರ. ನೋಡಿ ನಗುವವನಿಗೆ ಅಲ್ಲಿ ಜಾಗವನ್ನು ಬೇರೆಯಾಗಿಯೇ ಕಲ್ಪಿಸಬೇಕಾಗುತ್ತದೆ. ಪಶ್ಚಿಮದ ಚಲನಚಿತ್ರಗಳು ಇದಕ್ಕೆ ಬಗೆಬಗೆಯ ದಾರಿಗಳನ್ನು ಹುಡುಕಿಕೊಂಡಿವೆ. ಅಡುಗೆಯ ಲೇಖಕಿ ಜೂಲಿಯಾ ಚೈಲ್ಡ್ ಅವರ ನೆನಪುಗಳನ್ನು ಆಧರಿಸಿದ ನೋರಾ ಎಫ್ರಾನ್ ಅವರ ‘ಜೂಲಿ ಅಂಡ್ ಜೂಲಿಯಾ’ (2009) ಆ ನೆನಪುಗಳ ಜೊತೆಗೆ, ದಶಕಗಳ ನಂತರ ಆಕೆಯ ಪುಸ್ತಕವನ್ನು ಹಿಡಿದು ಅಡುಗೆ ಮಾಡುವ ಇನ್ನೊಬ್ಬ ಹೆಣ್ಣಿನ ನೆನಪುಗಳನ್ನು ಹೆಣೆಯುತ್ತದೆ. ಬರಹದಲ್ಲಿ ಒಬ್ಬಳ ಒಳಗೇ ಇದ್ದ ಅಂತರ ತೆರೆಯ ಮೇಲೆ ಇಬ್ಬರು ಹೆಂಗಸರ ನಡುವಿನ ಅಂತರವಾಗಿ, ನಗೆ ಉಳಿದುಕೊಳ್ಳುತ್ತದೆ. ‘ಸೂರರೈ ಪೋಟ್ರು’ ಇಂಥ ಉಪಾಯಕ್ಕೆ ಹೋಗಲಿಲ್ಲ. ಅದು ಆರಿಸಿಕೊಂಡದ್ದು ಬೇರೊಂದು ರಸವನ್ನು.

ಚಿತ್ರದ ನಾಯಕ ನೆಡುಮಾರನ್ ಮಧುರೈ ಸೀಮೆಯ ಶೋಳವಂದಾನಿನವನು. ಗೋಪಿನಾಥ್ ಭೂಸೇನೆಯವರು, ಮಾರನ್ ವಾಯುಪಡೆಯವನು. ಕಥೆಯ ತಿರುಳಾಗಿರುವ ಘಟನೆ ಸಂಪೂರ್ಣವಾಗಿ ಚಿತ್ರಕಥೆಯ ಸೃಷ್ಟಿ: ಸಾಯುತ್ತಿರುವ ತಂದೆಯನ್ನು ನೋಡಲು ಊರಿಗೆ ಧಾವಿಸಬೇಕಾದ ಮಗನ ಬಳಿ ವಿಮಾನದ ಟಿಕೆಟಿಗೆ ಸಾಲುವಷ್ಟು ಹಣವಿಲ್ಲ. ವಿಮಾನ ನಿಲ್ದಾಣದಲ್ಲಿ ಅಪರಿಚಿತರ ಮುಂದೆ ಕೈಯೊಡ್ಡಿದರೂ ಫಲವಿಲ್ಲ. ಊರು ತಲುಪುವ ವೇಳೆಗೆ ಎಲ್ಲವೂ ಮುಗಿದಿರುತ್ತದೆ. ಸೂರ್ಯ ಮತ್ತು ತಾಯಿಯ ಪಾತ್ರದ ಊರ್ವಶಿ ಅವರ ಅಭಿನಯದಿಂದ ಈ ಭಾಗ ನೋಡುಗರನ್ನು ಅಲುಗಿಸುತ್ತದೆ, ಸಂದೇಹವಿಲ್ಲ. ಇಡೀ ಚಿತ್ರದ ಚಾಲಕಶಕ್ತಿಯನ್ನೂ ಇದು ನಿರ್ಣಯಿಸಿಬಿಡುತ್ತದೆ. ಕೃತಿಯಲ್ಲಿ ಅಗ್ಗದ ವಿಮಾನಯಾನದ ಕಲ್ಪನೆ ಮೂಡುವುದು ಕುತೂಹಲದಿಂದ: ಅಮೆರಿಕಾದ ವಿಮಾನ ನಿಲ್ದಾಣವೊಂದರ ಜನಸಂದಣಿಯ ಲೆಕ್ಕಾಚಾರ, ಹೆಲಿಕಾಪ್ಟರಿನಿಂದ ಕೆಳಗೆ ನೋಡಿದಾಗ ಹಳ್ಳಿಯ ಮನೆಗಳ ಮೇಲೆ ಕಂಡ ಟೀವಿ ಆಂಟೆನಾಗಳು. ಚಿತ್ರದಲ್ಲಿ ಅದು ಹುಟ್ಟುವುದು ಅವಮಾನದಿಂದ. ರಸಪರಿಭಾಷೆಯಲ್ಲಿ ಹೇಳುವುದಾದರೆ, ಕೃತಿಯಲ್ಲಿ ಉತ್ಸಾಹಕ್ಕೆ ಹಾಸ್ಯ ಜೊತೆಗಾರನಾಗಿದ್ದರೆ ಚಿತ್ರದಲ್ಲಿ ಅದೇ ಉತ್ಸಾಹಕ್ಕೆ ಕ್ರೋಧ ಜೊತೆಯಾಗಿದೆ.

ಅವಮಾನ ಕೇಂದ್ರಕ್ಕೆ ಬಂದ ಮೇಲೆ ಅವಮಾನಿಸುವವನೊಬ್ಬ ಬೇಕಾಗುತ್ತಾನೆ. ಪರೇಶ್ ರಾವಲ್ ಅಭಿನಯಿಸಿದ ಪರೇಶ್ ಗೋಸ್ವಾಮಿ ಎಂಬ ವಿಮಾನೋದ್ಯಮಿಯ ಪಾತ್ರ ಈ ಅಗತ್ಯದಿಂದ ಬಂದದ್ದು. ಚಿತ್ರದಲ್ಲಿ ವಿಘ್ನಗಳು ಬಹುಮಟ್ಟಿಗೆ ಅವನ ಕುತಂತ್ರಗಳು. ಕೃತಿಯಲ್ಲಿಯಾದರೋ ವಿಘ್ನಗಳಿಗೆ ಒಂದೇ ಮುಖವಿಲ್ಲ: ಮಳೆ ಬಾರದಿರುವುದು, ಬ್ಯಾಂಕಿನ ಸಾಲ, ಕಡತಗಳ ನಿಧಾನ, ತನ್ನದೇ ಅಜ್ಞಾನ. 2003ರಲ್ಲಿ ಹೈದರಾಬಾದಿನಿಂದ ವಿಜಯವಾಡಕ್ಕೆ ಗಣ್ಯರನ್ನು ಕೂರಿಸಿಕೊಂಡು ಹೊರಡಬೇಕಿದ್ದ ಏರ್ ಡೆಕ್ಕನ್ನಿನ ಉದ್ಘಾಟನಾ ವಿಮಾನದ ಎಂಜಿನ್ನಿನಲ್ಲಿಯೇ ಬೆಂಕಿ ಕಾಣಿಸಿಕೊಂಡಿತು. ಇದಕ್ಕೆ ಯಾವ ಖಳನೂ ಕಾರಣನಲ್ಲ. ಉತ್ಸವದ ನಡುವೆ ಉತ್ಸವಮೂರ್ತಿಯ ಪಲ್ಲಕ್ಕಿಯೇ ಮುರಿದುಬಿದ್ದಂತಹ ಈ ಬಗೆಯ ಪ್ರಸಂಗದಲ್ಲಿ ಭಯವೂ ಇದೆ, ಆಮೇಲೆ ನೆನೆದರೆ ನಗೆಯೂ ಇದೆ. ಖಳನಿರುವ ಕಥೆಯಲ್ಲಿ ಇಂತಹ ನಗೆಗೆ ಎಡೆಯಿಲ್ಲ. ಅಲ್ಲಿ ಎಲ್ಲ ಅಪಘಾತಗಳೂ ಅಪರಾಧಗಳೇ ಆಗಬೇಕಾಗುತ್ತದೆ.

ಚಿತ್ರ ನಗೆಯನ್ನು ಪೂರ್ತಿಯಾಗಿ ಬಿಟ್ಟಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಅದನ್ನು ಮನೆಯೊಳಗೆ ಕೂರಿಸಿದೆ. ಗೋಪಿನಾಥ್ ಅವರ ಪತ್ನಿ ಭಾರ್ಗವಿ ಬೇಕರಿ ಉದ್ಯಮವನ್ನು ಕಟ್ಟಿದವರು. ಅದರ ನೆರಳಿನಲ್ಲಿ ರೂಪುಗೊಂಡ ಬೊಮ್ಮಿಯ ಪಾತ್ರ ಚಿತ್ರದ ಅತ್ಯಂತ ಲವಲವಿಕೆಯ ಸೃಷ್ಟಿ. ಹೆಣ್ಣು ನೋಡುವ ಶಾಸ್ತ್ರ ಇಲ್ಲಿ ತಲೆಕೆಳಗಾಗಿದೆ. ಹೆಣ್ಣಿನ ಕಡೆಯವರೇ ಗಂಡನ್ನು ನೋಡಲು ಬರುತ್ತಾರೆ, ಪ್ರಶ್ನೆ ಕೇಳುವವಳು ಅವಳು, ಉತ್ತರಿಸುವವನು ಅವನು. ಸಾಲಕ್ಕಾಗಿ ಗಂಡ ಹೆಂಡತಿಯ ಮುಂದೆ ಕೈಚಾಚಬೇಕಾದ ಸಂದರ್ಭವೂ ಇಂಥದೇ. ಅಪರ್ಣಾ ಬಾಲಮುರಳಿ ಈ ಪಾತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದದ್ದು ಉಚಿತವಾಗಿಯೇ ಇದೆ. ಚಿತ್ರವನ್ನು ನೋಡಿದ ಗೋಪಿನಾಥ್, ಇದು ಬಹಳಷ್ಟು ಕಲ್ಪನೆ ಬೆರೆತದ್ದಾದರೂ ತಮ್ಮ ಪುಸ್ತಕದ ಸಾರವನ್ನು ಹಿಡಿದಿದೆ ಎಂದೂ, ಕುಟುಂಬದ ದೃಶ್ಯಗಳಲ್ಲಿ ತಾವು ನಕ್ಕು ಅತ್ತುದಾಗಿಯೂ ಸಾರ್ವಜನಿಕವಾಗಿ ಪ್ರತಿಕ್ರಿಯಿಸಿದರು. ಅವರು ನಕ್ಕದ್ದು ಕುಟುಂಬದ ದೃಶ್ಯಗಳಲ್ಲಿ ಎಂಬುದನ್ನು ಗಮನಿಸಬೇಕು. ಹೊಲ, ಸಂತೆ, ಕಚೇರಿಗಳಲ್ಲಿ ಹರಡಿಕೊಂಡಿದ್ದ ಪುಸ್ತಕದ ನಗೆ ಚಿತ್ರದಲ್ಲಿ ದಾಂಪತ್ಯದ ಸರಸವಾಗಿ ಕಿರಿದಾಗಿದೆ.

ಈ ಕಿರಿದಾಗುವಿಕೆ ಮಾಧ್ಯಮದ ಅನಿವಾರ್ಯತೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಗೊರೂರಿನ ನೆಲದಿಂದಲೇ ಮೂಡಿದ ಇನ್ನೊಂದು ಚಿತ್ರದ ಕಡೆಗೆ ತಿರುಗಬಹುದು. ಗೊರೂರು ರಾಮಸ್ವಾಮಿ ಅಯ್ಯಂಗಾರ್ (1904–1991) ‘ಹಳ್ಳಿಯ ಚಿತ್ರಗಳು’, ‘ನಮ್ಮ ಊರಿನ ರಸಿಕರು’ ಮುಂತಾದ ಕೃತಿಗಳಲ್ಲಿ ಕಟ್ಟಿದ ಗದ್ಯ ಹೊಸಗನ್ನಡದ ನಗೆಬರಹದ ಪ್ರಮುಖ ಮಾದರಿ. ಅಲ್ಲಿ ನಗೆಗೆ ಒಬ್ಬ ನಾಯಕನಿಲ್ಲ, ಊರೇ ನಾಯಕ. ನಿರೂಪಕನೂ ಊರಿನ ಒಬ್ಬ ಸದಸ್ಯನಾಗಿ ತಾನೂ ಪೇಚಿಗೆ ಸಿಕ್ಕಿಕೊಳ್ಳುತ್ತಾನೆ. ಹಳ್ಳಿಯ ಈ ಕಣ್ಣನ್ನೇ ಹೊತ್ತು ಅವರು ಕಡಲಾಚೆಗೆ ಹಾರಿದ್ದರ ಫಲ, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಅಮೆರಿಕಾದಲ್ಲಿ ಗೊರೂರು’. ಹಳ್ಳಿಗನ ವಿಮಾನಯಾನ ಕನ್ನಡ ಗದ್ಯಕ್ಕೆ ಹೊಸ ವಸ್ತುವೇನೂ ಅಲ್ಲ ಎನ್ನಲು ಇದೊಂದೇ ಸಾಕು.

ಅವರ ‘ವೈಯಾರಿ’ಯ ಕಥೆಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ‘ಭೂತಯ್ಯನ ಮಗ ಅಯ್ಯು’ (1974) ದ್ವೇಷ, ಸಾಲ, ಮನೆತನಗಳ ನಾಶ, ಪ್ರವಾಹ ಇವುಗಳ ಕಥೆ. ಕಥಾವಸ್ತುವಿನಲ್ಲಿ ಅದು ‘ಸೂರರೈ ಪೋಟ್ರು’ವಿಗಿಂತ ಎಷ್ಟೋ ಕಠೋರವಾದದ್ದು. ಆದರೂ ಆ ಚಿತ್ರವನ್ನು ನೆನೆದ ಕೂಡಲೇ ಕನ್ನಡ ಪ್ರೇಕ್ಷಕರಿಗೆ ಲೋಕನಾಥ್ ಅವರ ಉಪ್ಪಿನಕಾಯಿಯ ಪ್ರಸಂಗ ಕಣ್ಣಮುಂದೆ ಬರುತ್ತದೆ. ಬಾಯಿಚಪಲದ ಈ ಹಳ್ಳಿಗ ಕಥೆಯ ಮುನ್ನಡೆಗೆ ಅನಗತ್ಯ ಎನಿಸಬಹುದು. ಊರೊಂದು ಜೀವಂತವಾಗಿದೆ ಎಂಬುದಕ್ಕೆ ಅವನೇ ಸಾಕ್ಷಿ. ಅಂಥವರು ಇದ್ದುದರಿಂದಲೇ ದ್ವೇಷದಲ್ಲಿ ಆ ಊರು ಕಳೆದುಕೊಳ್ಳುವುದು ಏನೆಂದು ಪ್ರೇಕ್ಷಕನಿಗೆ ಅರ್ಥವಾಗುತ್ತದೆ. ಗೊರೂರರ ಗದ್ಯದ ನಗೆಯನ್ನು ಸಿದ್ಧಲಿಂಗಯ್ಯನವರು ಪಾತ್ರವರ್ಗಕ್ಕೆ ಹಂಚಿದರು. ಕೋಪವನ್ನು ಅಯ್ಯು ಮತ್ತು ಗುಳ್ಳರಿಗೆ ಕೊಟ್ಟು, ನಗೆಯನ್ನು ಊರಿಗೆ ಉಳಿಸಿದರು. ಆದ್ದರಿಂದ, ನಗೆಯ ಗದ್ಯವನ್ನು ಭಾವತೀವ್ರ ಚಲನಚಿತ್ರಕ್ಕೆ ಒಗ್ಗಿಸಲಾಗದು ಎಂಬ ವಾದ ನಿಲ್ಲುವುದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ತಮಿಳು ಚಿತ್ರ ಕಳೆದುಕೊಂಡದ್ದನ್ನಷ್ಟೇ ಎಣಿಸಿ ತೀರ್ಪು ಕೊಡುವುದು ನ್ಯಾಯವಾಗದು. ಪುಸ್ತಕ ಎತ್ತದ ಒಂದು ಪ್ರಶ್ನೆಯನ್ನು ಚಿತ್ರ ಎತ್ತಿದೆ. ಮಾರನ್ ಮುರಿಯಬಯಸುವುದು ದರದ ಅಡ್ಡಗೋಡೆಯನ್ನು ಮಾತ್ರವಲ್ಲ, ಜಾತಿಯ ಅಡ್ಡಗೋಡೆಯನ್ನೂ. ಅವನ ಮದುವೆ ದ್ರಾವಿಡ ಚಳವಳಿಯ ಸ್ವಾಭಿಮಾನ ವಿವಾಹದ ಮಾದರಿಯದು. ತನ್ನ ಪಕ್ಕದಲ್ಲಿ ಕೂರಲು ಹಿಂಜರಿಯುವ ಸಿರಿವಂತರ ಜಗತ್ತಿಗೆ ಅವನು ಎದುರಾಗುತ್ತಾನೆ. ಗೋಪಿನಾಥ್ ಅಯ್ಯಂಗಾರ್ ಮನೆತನದಲ್ಲಿ ಹುಟ್ಟಿದವರು. ನಾಯಕನ ಜಾತಿಯನ್ನು ಬದಲಿಸಿದ್ದರ ಬಗ್ಗೆ ಆಕ್ಷೇಪಗಳು ಕೇಳಿಬಂದವು. ಒಬ್ಬನ ಬದುಕನ್ನು ಇನ್ನೊಬ್ಬನ ರಾಜಕೀಯಕ್ಕೆ ದುಡಿಸಿಕೊಳ್ಳುವುದು ಸಾಧುವೇ ಎಂಬುದು ಆಕ್ಷೇಪದ ಸಾರ. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಅದೇ ವೇಳೆ, ಸೋಲನ್ನು ನಗುತ್ತಾ ಹೇಳಬಲ್ಲ ಸ್ವಾತಂತ್ರ್ಯ ಎಲ್ಲರಿಗೂ ಸಮಾನವಾಗಿ ಒದಗುವುದಿಲ್ಲ ಎಂಬ ಮಾತೂ ಅಷ್ಟೇ ಸತ್ಯ. ಮುಳುಗಿದ ಜಮೀನಿಗೆ ಬದಲಿ ಜಮೀನು ದೊರಕುವುದಕ್ಕೆ ಮೊದಲು ಮುಳುಗಲು ಜಮೀನು ಇರಬೇಕು. ಓದು, ಸೈನ್ಯದ ಅಧಿಕಾರಿ ಪದವಿ, ಅಲ್ಲಿ ಸಂಪಾದಿಸಿದ ಗೆಳೆತನ ಇವುಗಳ ಬಲವಿದ್ದವನಿಗೆ ಹೈನುಗಾರಿಕೆಯ ನಷ್ಟ ನೆನಪಿನ ನಗೆಯಾಗಬಹುದು. ಅವು ಇಲ್ಲದವನಿಗೆ ಅದು ಗುಳೆ ಹೋಗುವ ಕಾರಣವಾಗುತ್ತದೆ. ಮಾರನ್‌ನ ಕೋಪ ಈ ವ್ಯತ್ಯಾಸವನ್ನು ಬಲ್ಲದು. ಗೊರೂರರ ಪರಂಪರೆಯ ನಗೆಗದ್ಯಕ್ಕೆ ಎಲ್ಲ ಕಾಲಕ್ಕೂ ಹಾಕಬೇಕಾದ ಪ್ರಶ್ನೆಯೊಂದನ್ನು ಚಿತ್ರ ತನಗರಿವಿಲ್ಲದೆಯೇ ಹಾಕಿದೆ.

ಆದರೆ ಕೋಪಕ್ಕೆ ಒಬ್ಬನೇ ನಾಯಕ ಬೇಕು, ನಗೆಗೆ ಬೇಡ. ಏರ್ ಡೆಕ್ಕನ್ ತನ್ನ ಲಾಂಛನವಾಗಿ ಆರಿಸಿಕೊಂಡದ್ದು ಮೈಸೂರಿನ ಆರ್. ಕೆ. ಲಕ್ಷ್ಮಣ್ ಸೃಷ್ಟಿಸಿದ ‘ಶ್ರೀಸಾಮಾನ್ಯ’ನನ್ನು. ಪಂಚೆ, ಚೌಕಳಿ ಕೋಟು, ಕನ್ನಡಕ. ಒಂದು ಮಾತೂ ಆಡದೆ ಎಲ್ಲವನ್ನೂ ನೋಡುತ್ತಿರುವವನು. ದೊಡ್ಡವರ ಸಡಗರವನ್ನು ಬದಿಯಲ್ಲಿ ನಿಂತು ಗಮನಿಸುವ ಈ ವ್ಯಂಗ್ಯಚಿತ್ರದ ಮುದುಕನನ್ನು ವಿಮಾನದ ಮೇಲೆ ಏರಿಸಿದ ನಿರ್ಧಾರ ಬರಿಯ ಜಾಹೀರಾತಿನ ಜಾಣತನವಲ್ಲ. ಒಂದು ರೂಪಾಯಿಯ ಟಿಕೆಟಿನ ಹಿಂದಿದ್ದ ತುಂಟತನವೇ ಅಲ್ಲಿಯೂ ಇದೆ. ತೆರೆಯ ಮೇಲೆ ಈ ನೋಡುಗನ ಜಾಗವನ್ನು ನಾಯಕನೇ ತುಂಬಿದ್ದಾನೆ. ಹಳ್ಳಿಗರು ಮೊದಲ ಬಾರಿಗೆ ವಿಮಾನವೇರಿದ ಕೊನೆಯ ಭಾಗದಲ್ಲಿಯೂ ಅವರ ಬೆರಗು ನಾಯಕನ ವಿಜಯಕ್ಕೆ ಒದಗಿದ ಅಲಂಕಾರ. ಚಿತ್ರ ವಿಜಯದಲ್ಲಿ ಮುಗಿಯುತ್ತದೆ. ಬದುಕು ಹಾಗೆ ಮುಗಿಯಲಿಲ್ಲ. 2007ರಲ್ಲಿ ಸಂಸ್ಥೆಯ ಪಾಲು ಕಿಂಗ್‌ಫಿಷರ್ ಏರ್‌ಲೈನ್ಸಿನ ಒಡೆತನದ ಬಳಗಕ್ಕೆ ಹೋಯಿತು, ಮರುವರ್ಷ ಅದರಲ್ಲಿ ವಿಲೀನವಾಯಿತು, 2012ರಲ್ಲಿ ಆ ಸಂಸ್ಥೆಯ ಹಾರಾಟವೇ ನಿಂತಿತು.

ಭಾಷೆಯ ಪಲ್ಲಟವನ್ನು ಕೊನೆಗೆ ಪರಿಶೀಲಿಸಬೇಕು. ಬಾಲಕ ಗೋಪಿನಾಥ್ ಬಿಜಾಪುರದ ಸೈನಿಕ ಶಾಲೆಗೆ ಸೇರಲು ಮೊದಲು ಅಡ್ಡಿಯಾದದ್ದು ಪ್ರವೇಶ ಪರೀಕ್ಷೆಯ ಇಂಗ್ಲಿಷ್. ಮುಂದೆ ಕನ್ನಡದಲ್ಲಿಯೇ ಬರೆಯುವ ಅವಕಾಶ ದೊರಕಿದ್ದರಿಂದ ಆ ಬಾಗಿಲು ತೆರೆಯಿತು. ಕನ್ನಡ ಶಾಲೆಯ ಆ ಹುಡುಗನ ಬದುಕು ಮೊದಲು ಗ್ರಂಥವಾದದ್ದು ಇಂಗ್ಲಿಷಿನಲ್ಲಿ. ‘ಬಾನಯಾನ’ ಎಂಬ ಹೆಸರಿನಲ್ಲಿ ಅದು ಕನ್ನಡಕ್ಕೆ ಬಂದರೂ ಕನ್ನಡ ಚಿತ್ರರಂಗ ಅದನ್ನು ಎತ್ತಿಕೊಳ್ಳಲಿಲ್ಲ. 2020ರ ನವೆಂಬರ್ 12ರಂದು ಅಮೆಜಾನ್ ಪ್ರೈಮಿನಲ್ಲಿ ಬಿಡುಗಡೆಯಾದ ತಮಿಳು ಚಿತ್ರಕ್ಕೆ ಅತ್ಯುತ್ತಮ ಕಥಾಚಿತ್ರ, ನಟ, ನಟಿ, ಚಿತ್ರಕಥೆ, ಹಿನ್ನೆಲೆ ಸಂಗೀತ ಹೀಗೆ ಐದು ರಾಷ್ಟ್ರಪ್ರಶಸ್ತಿಗಳು ಬಂದವು. ಗೊರೂರಿನವನ ಕಥೆಯನ್ನು ಕನ್ನಡಿಗರು ಕನ್ನಡದಲ್ಲಿ ಕೇಳಿದ್ದು ಶೋಳವಂದಾನಿನವನ ಕಥೆಯಾಗಿ, ಡಬ್ಬಿಂಗಿನ ಧ್ವನಿಯಲ್ಲಿ. ದಶಕಗಳ ಕಾಲ ಡಬ್ಬಿಂಗನ್ನು ದೂರವಿಟ್ಟಿದ್ದ ಚಿತ್ರೋದ್ಯಮದ ಸಂಘಟನೆಗಳ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ನೀಡಿದ ಬಳಿಕವಷ್ಟೇ ಇದು ಸಾಧ್ಯವಾಯಿತು. ಡಬ್ಬಿಂಗ್ ಬಂದರೆ ನಮ್ಮ ನೆಲದ ಕಥೆಗಳಿಗೆ ಕುತ್ತು ಎಂಬ ಹಳೆಯ ವಾದಕ್ಕೆ ಈ ಪ್ರಕರಣ ವಿಚಿತ್ರ ತಿರುವು ಕೊಡುತ್ತದೆ: ನಮ್ಮ ನೆಲದ ಕಥೆಯೇ ಡಬ್ ಆಗಿ ಬಂದಿದೆ. ಡಬ್ಬಿಂಗನ್ನು ದೂರುವುದರಿಂದ ಆಗುವ ಪ್ರಯೋಜನ ಕಡಿಮೆ. ಹೆಚ್ಚು ತೊಡಕಿನ ವಿಷಯ ಬೇರೆ ಇದೆ. ಡಬ್ಬಿಂಗಿನಿಂದ ಮಾತು ಕನ್ನಡವಾಗುತ್ತದೆ, ಊರು ಹಾಸನದ್ದಾಗುವುದಿಲ್ಲ.

ಅದೇ ನಿರ್ದೇಶಕಿ 2024ರ ಜುಲೈನಲ್ಲಿ ಅಕ್ಷಯ್ ಕುಮಾರ್ ಅವರ ಅಭಿನಯದಲ್ಲಿ ಈ ಚಿತ್ರವನ್ನು ‘ಸರ್ಫಿರಾ’ ಎಂಬ ಹೆಸರಿನಿಂದ ಹಿಂದಿಗೆ ತಂದರು. ಈ ಬಾರಿ ನಾಯಕ ಮಹಾರಾಷ್ಟ್ರದ ಹಳ್ಳಿಯವನು. ತಂದೆಯ ಸಾವು, ನಿಲ್ದಾಣದ ಅವಮಾನ, ಖಳನ ಕುತಂತ್ರ ಇವೆಲ್ಲವೂ ಮಧುರೈ ಸೀಮೆಯಿಂದ ಹೆಚ್ಚಿನ ಬದಲಾವಣೆಯಿಲ್ಲದೆ ಅಲ್ಲಿಗೆ ಸಾಗಿದವು. ಚಿತ್ರಕಥೆಯ ಕಲ್ಪಿತ ಭಾಗಗಳಿಗೆ ಯಾವ ಊರಾದರೂ ಆಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಹೇಮಾವತಿಯಲ್ಲಿ ಮುಳುಗಿದ ಹೊಲ, ಜಾವಗಲ್ಲಿನ ಡೇರೆ, ರೇಷ್ಮೆ ಹುಳುಗಳ ನಡುವಿನ ಪರದಾಟ, ಗಂಡಸಿಯ ಚುನಾವಣೆಯ ಸೋಲು ಇವು ಹಾಗಲ್ಲ; ಇವು ಆ ತಾಲ್ಲೂಕಿನ ಮಣ್ಣನ್ನು ಬಿಟ್ಟು ಕದಲಲಾರವು. ಎರಡು ಭಾಷೆಗಳ ಚಿತ್ರಗಳೂ ಬಿಟ್ಟುಹೋದ ಈ ಭಾಗಗಳು ಪುಸ್ತಕದಲ್ಲಿ ಹಾಗೆಯೇ ಉಳಿದಿವೆ.